ಟರ್ಬೈನು ಸಮುದ್ರದಲ್ಲಿ, ಕಥೆ ಬಂದರಿನಲ್ಲಿ

ಸಮುದ್ರದ ಗಾಳಿಯಿಂದ ಕರೆಂಟು ಅಂದ ಕೂಡಲೇ ಎಲ್ಲರೂ ಆ ದೊಡ್ಡ ಬಿಳಿ ರೆಕ್ಕೆಗಳನ್ನೇ ನೋಡುತ್ತಾರೆ. ನನಗೆ ಮಾತ್ರ ಬ್ರಿಟನ್ ಮತ್ತು ಡೆನ್ಮಾರ್ಕ್ ನಡುವಿನ ಉತ್ತರ ಸಮುದ್ರದ ಬಗ್ಗೆ ಓದಿದಷ್ಟೂ ಅಲ್ಲಿನ ಬಂದರುಗಳ ಮೇಲೇ ಕುತೂಹಲ ಜಾಸ್ತಿ.

ಮೊದಲು ಗಾತ್ರ ನೋಡಿ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿ ಹತ್ತಿರ 11 ಟರ್ಬೈನು ನಿಲ್ಲಿಸಿದರು. ಒಂದೊಂದೂ 450 ಕಿಲೋವ್ಯಾಟ್, ಅಷ್ಟೇ. ಸಮುದ್ರದಲ್ಲಿ ಹೀಗೆ ಗುಂಪಾಗಿ ಟರ್ಬೈನು ಹಾಕಿದ್ದು ಜಗತ್ತಿನಲ್ಲೇ ಅದೇ ಮೊದಲು. ಈಗ ಇಂಗ್ಲೆಂಡಿನ ತೀರದಿಂದ 130 ಕಿಲೋಮೀಟರಿಗೂ ಆಚೆ, ಡಾಗರ್ ಬ್ಯಾಂಕ್ ಅನ್ನುವ ಕಡಿಮೆ ಆಳದ ಜಾಗದಲ್ಲಿ ನಿಲ್ಲುತ್ತಿರುವ ಒಂದೇ ಟರ್ಬೈನು 13 ಮೆಗಾವ್ಯಾಟ್, ಅಂದರೆ 13,000 ಕಿಲೋವ್ಯಾಟ್. ಇಡೀ ವಿಂಡೆಬಿಯ ಎರಡೂವರೆ ಪಟ್ಟು! ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟಾಗುತ್ತದೆ, ಹಾಗಾಗಿ ಗಾಳಿ ಜೋರಾಗಿರುವ ಅಷ್ಟು ದೂರಕ್ಕೆ ಹೋಗುವುದು ಸುಮ್ನೆ ಅಲ್ಲ.

ಆದರೆ ಇದರ ಒಂದೊಂದು ರೆಕ್ಕೆಯೂ 107 ಮೀಟರ್ ಉದ್ದ. ಅದನ್ನು ಲಾರಿ ಮೇಲೆ ಹೇರಿಕೊಂಡು ಯಾವ ಊರಿನ ತಿರುವು ದಾಟಿಸುತ್ತೀರಿ? ಅದಕ್ಕೇ ರೆಕ್ಕೆ ಮಾಡುವ ಕಾರ್ಖಾನೆಗಳು ನೀರಿನ ಅಂಚಿಗೇ ಬಂದವು. ಇಂಗ್ಲೆಂಡಿನ ಹಲ್ ಬಂದರಿನಲ್ಲಿ 2016ರಲ್ಲಿ ಸೀಮೆನ್ಸ್ ಅಂಥದ್ದೊಂದು ಶುರು ಮಾಡಿತು. ಡೆನ್ಮಾರ್ಕಿನ ಎಸ್‌ಬೆರ್ಗ್ ಮೊದಲು ಮೀನಿನ ಬಂದರು, ಆಮೇಲೆ ಎಣ್ಣೆ ಮತ್ತು ಗ್ಯಾಸಿನದು, ಈಗ ಟರ್ಬೈನಿನದು. ಹಲ್ ಪಕ್ಕದ ಗ್ರಿಮ್ಸ್‌ಬಿಯದು ಇನ್ನೂ ವಿಚಿತ್ರ: ಒಂದು ಕಾಲಕ್ಕೆ ಜಗತ್ತಿನ ಅತಿ ದೊಡ್ಡ ಮೀನುಗಾರಿಕೆ ಬಂದರುಗಳಲ್ಲಿ ಒಂದು, 1970ರ ದಶಕದಲ್ಲಿ ಐಸ್‌ಲ್ಯಾಂಡ್ ತನ್ನ ಸುತ್ತಲಿನ 200 ಮೈಲಿ ಸಮುದ್ರ ತನ್ನದು ಅಂದ ಮೇಲೆ ಅಲ್ಲಿನ ದೊಡ್ಡ ಟ್ರಾಲರುಗಳಿಗೆ ಕೆಲಸವೇ ಇಲ್ಲದಾಯಿತು, ಈಗ ಅದೇ ಬಂದರಿನಿಂದ ರಿಪೇರಿ ತಂಡಗಳು ಟರ್ಬೈನುಗಳತ್ತ ಹೊರಡುತ್ತವೆ.

ಇದನ್ನೇ ಹಿಡಿದುಕೊಂಡು ಕರಾವಳಿಗೆಲ್ಲ ಒಳ್ಳೆಯದಾಯಿತು ಅನ್ನುವವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಟರ್ಬೈನು ರಿಪೇರಿ ಮಾಡುವವರೂ ಬಲೆ ಎಳೆಯುತ್ತಿದ್ದವರೂ ಒಂದೇ ಜನ ಆಗಿರಬೇಕೆಂದಿಲ್ಲ, ಅಲ್ವಾ? ಸಮುದ್ರದ ತಳದಲ್ಲಿ ಕೇಬಲ್ ಇರುವ ಕಡೆ ತಳ ಕೆರೆಯುವ ಬಲೆ ಎಳೆಯುವುದೂ ಅಪಾಯ. ಮೀನುಗಾರರ ತಕರಾರಿನಲ್ಲಿ ಹುರುಳಿದೆ.

ಇನ್ನು ದುಡ್ಡಿನ ವಿಷಯ. 2023ರಲ್ಲಿ ಬ್ರಿಟನ್ ಸರ್ಕಾರ ಹರಾಜು ಕರೆದಾಗ ಸಮುದ್ರದ ಗಾಳಿಗೆ ಒಂದೇ ಒಂದು ಬಿಡ್ ಬರಲಿಲ್ಲ. ಉಕ್ಕು, ಬಡ್ಡಿ ಎಲ್ಲ ಏರಿತ್ತು, ಆ ಕರೆಂಟಿಗೆ ಸರ್ಕಾರ ಖಾತರಿ ಕೊಡುವ ಗರಿಷ್ಠ ದರ ಮಾತ್ರ ಮೆಗಾವ್ಯಾಟ್ ಗಂಟೆಗೆ 44 ಪೌಂಡ್ (2012ರ ಬೆಲೆ ಲೆಕ್ಕದಲ್ಲಿ). ಮುಂದಿನ ಸಲ ಅದನ್ನು 73ಕ್ಕೆ ಏರಿಸಿದ ಮೇಲೆ ಕಂಪನಿಗಳು ವಾಪಸ್ ಬಂದವು. ಹಾಗೆ ಗೆದ್ದ ಹಾರ್ನ್‌ಸೀ 4 ಯೋಜನೆಯನ್ನೂ ಖರ್ಚು ಜಾಸ್ತಿಯಾಯಿತು ಅಂತ ಓರ್ಸ್ಟೆಡ್ ಕಂಪನಿ 2025ರ ಮೇನಲ್ಲಿ ಕೈಬಿಟ್ಟಿತು. 2,400 ಮೆಗಾವ್ಯಾಟ್‌ನ ಯೋಜನೆ ಅದು. ಬಂದರಿನ ಧಕ್ಕೆ ಅಗಲ ಮಾಡಿ, ಕ್ರೇನು ತಂದು, ಹುಡುಗರಿಗೆ ಕೆಲಸ ಕಲಿಸಿ ಕೂತಿರುವ ಊರುಗಳಿಗೆ ಬೇಕಾಗಿರುವುದು ವರ್ಷ ವರ್ಷ ತಪ್ಪದೆ ಬರುವ ಆರ್ಡರು. ಹರಾಜು ಕರೆಯುವವರು ದರದ ಜೊತೆ ಅದನ್ನೂ ನೋಡಬೇಕು ಅನ್ನುವುದು ನನ್ನ ವಾದ.