ಇಸುಬಿಗೆ ತಾಯಿಯ ಊಟ ಕಾರಣ ಅಲ್ಲ

ಮಗುವಿನ ಮೊಣಕೈ ಸಂದಿಯಲ್ಲಿ ಇಸುಬು ಕಂಡರೆ ಸಾಕು, ಮೊದಲು ವಿಚಾರಣೆ ಆಗುವುದು ತಾಯಿಗೆ. ಬಸುರಿಯಲ್ಲಿ ಏನು ತಿಂದೆ, ಬದನೆಕಾಯಿ ನಂಜು ಅಂತ ಗೊತ್ತಿರಲಿಲ್ವಾ, ಮಗುವಿನ ರಕ್ತ ಕೆಟ್ಟಿದೆ ಅಂತೆಲ್ಲ. ನನ್ನ ಮಗಳಿಗೆ ಬಂದಾಗ ನಾನೂ ಇದನ್ನೆಲ್ಲ ಕೇಳಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಚರ್ಮದ ಮೇಲ್ಪದರದಲ್ಲಿ ಫಿಲಾಗ್ರಿನ್ ಅನ್ನುವ ಪ್ರೋಟೀನ್ ಇದೆ. ಅಲ್ಲಿನ ಕೋಶಗಳನ್ನು ಚಪ್ಪಟೆಯಾಗಿ, ಒತ್ತೊತ್ತಾಗಿ ಕೂರಿಸುವುದು ಅದೇ. ಆಮೇಲೆ ಚೂರುಚೂರಾಗಿ ಚರ್ಮದ ತೇವ ಹಿಡಿದಿಡುವುದೂ ಅದೇ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಇರ್ವಿನ್ ಮೆಕ್‌ಲೀನ್ ಮತ್ತು ಜೊತೆಗಾರರು ಇದರ ಜೀನಿನಲ್ಲಿರುವ ಎರಡು ದೋಷಗಳು ಇಸುಬಿಗೆ ದಾರಿ ಮಾಡುತ್ತವೆ ಅಂತ ತೋರಿಸಿದರು. ಯುರೋಪ್ ಮೂಲದವರಲ್ಲಿ ನೂರಕ್ಕೆ ಸುಮಾರು 9 ಮಂದಿಯಲ್ಲಿ ಇವು ಇವೆ. ಜಪಾನ್, ಚೀನಾದವರಲ್ಲಿ ಕಾಣುವ ದೋಷಗಳು ಬೇರೆ, ಹಾಗಾಗಿ ಆ ಎರಡನ್ನೇ ಹುಡುಕುವ ಪರೀಕ್ಷೆ ಯುರೋಪ್ ಮೂಲದವರಲ್ಲದ ನಮ್ಮಂಥವರಿಗೆ ಸಾಲದು. ದೋಷ ಇದ್ದವರಿಗೆಲ್ಲ ಇಸುಬು ಬರುವುದಿಲ್ಲ, ಇಸುಬು ಇರುವವರಿಗೆಲ್ಲ ಈ ದೋಷ ಇರುವುದೂ ಇಲ್ಲ.

ಫಿಲಾಗ್ರಿನ್ ಕಡಿಮೆ ಇರುವವರ ಅಂಗೈ ನೋಡಿ. ಗೆರೆಗಳು ಜಾಸ್ತಿ, ಆಳ. ಹೆಬ್ಬೆರಳ ಬುಡದಲ್ಲಂತೂ ಅಡ್ಡಾದಿಡ್ಡಿ ಗೀಚಿದ ಹಾಗೆ. ನನ್ನ ಮಗಳ ಕೈ ಹಾಗೇ ಇದೆ, ಅವಳ ಅಪ್ಪನದೂ.

ಅಲರ್ಜಿಯ ವಿಷಯ ಬರುವುದು ಇಲ್ಲೇ. ಫಿಲಾಗ್ರಿನ್ ಕಡಿಮೆಯಾದರೆ ಚರ್ಮ ಒಣಗಿ ಒಡೆಯುತ್ತದೆ. ಆ ಒಡಕು ಚರ್ಮದ ಮೂಲಕ ಮನೆಯ ಧೂಳಿನಲ್ಲಿರುವ ಕಡಲೆಕಾಯಿಯ ಕಣವೋ ಇನ್ನೊಂದೋ ಒಳಗೆ ಹೋದರೆ ದೇಹ ಅದನ್ನು ಶತ್ರು ಅಂತ ಗುರುತು ಹಾಕಿಕೊಳ್ಳುತ್ತದೆ, ಅದೇ ಕಡಲೆಕಾಯಿ ಎಳೆ ವಯಸ್ಸಿನಲ್ಲಿ ಬಾಯಿಯಿಂದ ಹೋದರೆ ಒಗ್ಗಿಕೊಳ್ಳುವ ಸಾಧ್ಯತೆ ಜಾಸ್ತಿ. 2015ರಲ್ಲಿ ಲಂಡನ್ನಿನ ಗಿಡಿಯನ್ ಲ್ಯಾಕ್ ತಂಡ ಜೋರು ಇಸುಬು ಅಥವಾ ಮೊಟ್ಟೆ ಅಲರ್ಜಿ ಇದ್ದ ಕೂಸುಗಳಿಗೆ ಕಡಲೆಕಾಯಿ ತಿನ್ನಿಸಿ ನೋಡಿತು. ತಿಂದವರಲ್ಲಿ ಐದನೇ ವರ್ಷಕ್ಕೆ ಆ ಅಲರ್ಜಿ ತುಂಬಾ ಕಡಿಮೆ. ಇದನ್ನು ಮನೆಯಲ್ಲಿ ಸುಮ್ನೆ ಪ್ರಯೋಗ ಮಾಡಬೇಡಿ, ಜೋರು ಇಸುಬಿದ್ದರೆ ಡಾಕ್ಟರ್ ಕಣ್ಣೆದುರೇ ಆಗಬೇಕು.

ಹಾಗಾಗಿ ಯಾರೋ ಹೇಳಿದರು ಅಂತ ಹಾಲು, ಮೊಟ್ಟೆ, ಬೇಳೆ ಒಂದೊಂದೇ ನಿಲ್ಲಿಸಿ ಮಗುವನ್ನು ಬಡಕಲು ಮಾಡಬೇಡಿ. ಜೋರಾಗಿ ಉಜ್ಜಬೇಡಿ, ಸೋಪು ಕಡಿಮೆ ಮಾಡಿ. ಸ್ನಾನ ಆದ ಕೂಡಲೇ, ಮೈ ಇನ್ನೂ ಒದ್ದೆ ಇರುವಾಗಲೇ, ವಾಸನೆ ಇಲ್ಲದ ಮುಲಾಮು ದಪ್ಪಗೆ ಹಚ್ಚಿ. ಡಾಕ್ಟರ್ ಸ್ಟೀರಾಯ್ಡ್ ಮುಲಾಮು ಕೊಟ್ಟಿದ್ದರೆ ಹೆದರಿ ಅರ್ಧಕ್ಕೆ ಬಿಡಬೇಡಿ, ಎಷ್ಟು ದಿನ ಹಚ್ಚಬೇಕು ಅಂತ ಅವರನ್ನೇ ಕೇಳಿ.