ಜಿಪೋಲಿ ರೋಮ್ ಬಿಟ್ಟದ್ದೇಕೆ ಎಂದು ಕೇಳುವವರಿಗೆ

ಹದಿನೆಂಟನೆಯ ಶತಮಾನದ ಇಟಲಿಯ ಸಂಗೀತಗಾರ ಡೊಮೆನಿಕೊ ಜಿಪೋಲಿಯ ಆರ್ಗನ್ ಕೃತಿಗಳನ್ನು ಯಾರಿಗೆ ಕೇಳಿಸಿದರೂ, ಆತನ ಬದುಕನ್ನು ಎಷ್ಟೇ ಚುಟುಕಾಗಿ ಹೇಳಿದರೂ, ಬರುವ ಪ್ರಶ್ನೆ ಒಂದೇ: “ರೋಮ್‌ನಲ್ಲಿ ಅಷ್ಟು ದೊಡ್ಡ ಕೆಲಸವಿತ್ತಲ್ಲ, ಅದನ್ನು ಬಿಟ್ಟು ಕಾಡಿಗೆ ಹೋಗಿ ಹಾಳಾದದ್ದೇಕೆ?” ಬಾಯಿಮಾತಿನಲ್ಲಿ ಉತ್ತರಿಸಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ಮೊದಲನೆಯದಾಗಿ, ಆತ ನೆಲೆಸಿದ್ದು ಕಾಡಿನಲ್ಲಲ್ಲ. ಇಂದಿನ ಅರ್ಜೆಂಟೀನಾದ ಕೊರ್ದೊಬಾ ಆಗಲೇ ಜೆಸ್ಯೂಟರ, ಅಂದರೆ ಯೇಸು ಸಂಘವೆಂಬ ಕ್ಯಾಥೊಲಿಕ್ ಧರ್ಮಸಂಘದವರ, ಉನ್ನತ ವಿದ್ಯಾಪೀಠವಿದ್ದ ಪಟ್ಟಣ. ಆತ ಅಲ್ಲಿ ತತ್ತ್ವಶಾಸ್ತ್ರವನ್ನೂ ದೇವತಾಶಾಸ್ತ್ರವನ್ನೂ ಓದುತ್ತ, ಸಂಗೀತ ನಡೆಸುತ್ತ ಬದುಕಿದ. ಎರಡನೆಯದಾಗಿ, ಆತ ಹೋದದ್ದು ಇದ್ದಕ್ಕಿದ್ದಂತೆ ಹುಟ್ಟಿದ ಹುಚ್ಚಿನಿಂದಲ್ಲ. 1688ರಲ್ಲಿ ಪ್ರಾತೊದಲ್ಲಿ ಹುಟ್ಟಿ, ಫ್ಲಾರೆನ್ಸ್, ನೇಪಲ್ಸ್, ಬೊಲೋನ್ಯಾಗಳಲ್ಲಿ ಕಲಿತು, ಆತ ಕೊನೆಗೆ ಆರ್ಗನ್ ವಾದಕನಾಗಿ ಸೇರಿದ್ದು ರೋಮ್‌ನ ಜೆಸು ಚರ್ಚಿಗೆ, ಅಂದರೆ ಜೆಸ್ಯೂಟರ ಮೂಲ ಚರ್ಚಿಗೇ. 1716ರಲ್ಲಿ ಆರ್ಗನ್ ಮತ್ತು ಹಾರ್ಪ್ಸಿಕಾರ್ಡ್ ಕೃತಿಗಳ ಸಂಪುಟವನ್ನು ಪ್ರಕಟಿಸಿ, ಅದೇ ವರ್ಷದ ಜುಲೈನಲ್ಲಿ ಸೆವಿಲ್ಯದಲ್ಲಿ ಆ ಸಂಘಕ್ಕೆ ಸೇರಿ, 1717ರಲ್ಲಿ ಕಾದಿಸ್‌ನಿಂದ ಹಡಗು ಹತ್ತಿದ. ದಿನವೂ ಯಾರ ಪೂಜೆಗೆ ಆರ್ಗನ್ ನುಡಿಸುತ್ತಿದ್ದನೋ ಅವರ ದಾರಿಯನ್ನೇ ಆತ ಹಿಡಿದ. ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ.

ಆದರೆ “ಹಾಳಾದ” ಎಂಬ ಮಾತನ್ನು ನಾನು ಸುಮ್ಮನೆ ಬಿಡಲಾರೆ. ಒಮ್ಮೆ ನೆಂಟರ ಮನೆಯಲ್ಲಿ ಆತನ ಸಿ ಮೇಜರ್ ಪಾಸ್ತೊರಾಲೆಯನ್ನು ಕೇಳಿಸಿದೆ. ಅದರಲ್ಲಿ ಕೆಳಗಿನ ಸ್ವರ ನಮ್ಮ ಶ್ರುತಿಯ ಹಾಗೆ ಕದಲದೆ ನಿಲ್ಲುತ್ತದೆ, ಅದರ ಮೇಲೆ ರಾಗ ಮೆಲ್ಲನೆ ತೂಗುತ್ತದೆ. ಕ್ರಿಸ್ಮಸ್ ಹೊತ್ತಿಗೆ ಬೆಟ್ಟಗಳಿಂದ ರೋಮ್‌ಗೆ ಇಳಿದುಬರುತ್ತಿದ್ದ ಕುರುಬರ ಚೀಲವಾದ್ಯದ ದನಿ ಅದು. ಎಲ್ಲರೂ ಮೌನವಾಗಿ ಕೇಳಿದರು. ಮುಗಿದ ಮೇಲೆ ಹಿರಿಯರೊಬ್ಬರು, “ಪಾಪ, ಮೂವತ್ತೇಳಕ್ಕೇ ಹೋದನಲ್ಲ, ಅಲ್ಲೇ ಇದ್ದಿದ್ದರೆ ಹೆಸರು ಮಾಡುತ್ತಿದ್ದ” ಎಂದರು. “ರಾಯರೇ, ಆತನ ಗುರು ಬೆರ್ನಾರ್ದೊ ಪಾಸ್ಕ್ವಿನಿ ಕೊನೆಯವರೆಗೂ ರೋಮ್‌ನಲ್ಲೇ ಇದ್ದರು. ಅವರ ಹೆಸರು ಕೇಳಿದ್ದೀರಾ?” ಎಂದೆ. ಅವರು ನಕ್ಕು ಮಾತು ಬದಲಿಸಿದರು. ನನಗೆ ನಗು ಬರಲಿಲ್ಲ, ಏಕೆಂದರೆ ಲಿಮಾದ ವೈಸ್‌ರಾಯ್ ಅಷ್ಟು ದೂರದಿಂದ ಆತನ ಕೃತಿಗಳ ಪ್ರತಿಗಳನ್ನು ಕೇಳಿ ಬರೆಸಿದ್ದರೆಂದು ಪೆರಾಮಾಸ್ ಎಂಬ ಜೆಸ್ಯೂಟರು ದಾಖಲಿಸಿರುವಾಗ, ಆತ ಹೆಸರಿಲ್ಲದೆ ಸತ್ತನೆಂದು ಹೇಗೆ ಒಪ್ಪಲಿ? ದೀಕ್ಷೆ ಕೊಡಲು ಬಿಷಪ್ ಇಲ್ಲದ್ದರಿಂದ ಆತ ಪಾದ್ರಿಯಾಗಲಿಲ್ಲ, 1726ರ ಜನವರಿಯಲ್ಲಿ ಕ್ಷಯದಿಂದ ತೀರಿಕೊಂಡ. ದುಃಖಪಡಬೇಕಾದರೆ ಅದಕ್ಕಾಗಿ ಪಡಿ.

ನಿಜಕ್ಕೂ ಯಾರಾದರೂ ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಆತ ಅಮೆರಿಕದಲ್ಲಿ ಬರೆದದ್ದನ್ನು ಉಳಿಸಿದವರು ಯಾರು? ಯೂರೋಪಿನ ಮಟ್ಟಿಗೆ ಜಿಪೋಲಿ 1716ರ ಆ ಪುಸ್ತಕದೊಂದಿಗೇ ಕಣ್ಮರೆಯಾಗಿದ್ದ. ರೋಮ್‌ನ ಸಂಗೀತಗಾರನೂ ಕೊರ್ದೊಬಾದ ಜೆಸ್ಯೂಟನೂ ಒಬ್ಬನೇ ಎಂದು ಉರುಗ್ವೆಯ ವಿದ್ವಾಂಸ ಲೌರೊ ಆಯೆಸ್ತಾರಾನ್ 1941ರಲ್ಲಿ ತಮ್ಮ ಪುಸ್ತಕದಲ್ಲಿ ಪ್ರತಿಪಾದಿಸಿದರು. ಆದರೆ ಸಂಗೀತ ಬೇಕಲ್ಲ? ಇಂದಿನ ಬೊಲಿವಿಯಾದ ಪೊತೊಸಿಯಲ್ಲಿ 1784ರಲ್ಲಿ, ಅಂದರೆ ಆತ ಸತ್ತು ಐವತ್ತೆಂಟು ವರ್ಷಗಳ ಮೇಲೆ, ಯಾರೋ ಕೈಯಾರೆ ನಕಲಿಸಿದ್ದ ಪೂಜಾಸಂಗೀತವೊಂದು 1959ರಲ್ಲಿ ಅದೇ ದೇಶದ ಸುಕ್ರೆಯಲ್ಲಿ ಸಿಕ್ಕಿತು. 1972ರಲ್ಲಿ ಪೂರ್ವ ಬೊಲಿವಿಯಾದ ಚಿಕಿತೋಸ್‌ನಲ್ಲಿ, ಹಳೆಯ ಚರ್ಚುಗಳ ಜೀರ್ಣೋದ್ಧಾರಕ್ಕೆ ಬಂದಿದ್ದ ಸ್ವಿಟ್ಜರ್ಲೆಂಡಿನ ವಾಸ್ತುಶಿಲ್ಪಿ ಹಾನ್ಸ್ ರೋತ್ ಅವರಿಗೆ ಸಾವಿರಾರು ಪುಟಗಳ ಸಂಗೀತದ ಹಸ್ತಪ್ರತಿಗಳು ದೊರೆತವು. ಅವುಗಳಲ್ಲಿ ಜಿಪೋಲಿಯ ಪೂಜಾಸಂಗೀತವೂ ಸ್ತೋತ್ರಗಳೂ ಇದ್ದವು.

ಆ ಪುಟಗಳನ್ನು ಕಾಪಾಡಿದವರು ಆ ಸೀಮೆಯ ಮೂಲನಿವಾಸಿಗಳಾದ ಚಿಕಿತಾನೊ ಜನ. 1767ರಲ್ಲಿ ಸ್ಪೇನಿನ ದೊರೆ ಜೆಸ್ಯೂಟರನ್ನು ಹೊರಹಾಕಿದ ಮೇಲೆ ಕಲಿಸುವ ಪಾದ್ರಿಗಳು ಉಳಿಯಲಿಲ್ಲ. ಆದರೂ ಊರಿನ ವಾದಕರು ಹಾಡುವುದನ್ನೂ ಪಿಟೀಲು ನುಡಿಸುವುದನ್ನೂ ಬಿಡದೆ, ಹಾಳೆ ಸವೆದಾಗ ಮತ್ತೆ ನಕಲಿಸಿ, ಮುಂದಿನ ತಲೆಮಾರಿಗೆ ಒಪ್ಪಿಸಿದರು. ಜೆಸ್ಯೂಟರು ಮತಪ್ರಚಾರಕ್ಕೆಂದು ಅಲ್ಲಿ ಕಟ್ಟಿದ್ದ ಊರುಗಳ, ಅಂದರೆ ಮಿಷನ್‌ಗಳ, ವ್ಯವಸ್ಥೆ ಅವರ ಹಳೆಯ ಬದುಕನ್ನು ಬಲವಾಗಿಯೇ ಬದಲಿಸಿತ್ತು, ಅದನ್ನು ನಾನು ಮರೆಮಾಚುವುದಿಲ್ಲ. ಆದರೆ ಈ ಸಂಗೀತವನ್ನು ಅವರು ತಮ್ಮದೆಂದೇ ಇಟ್ಟುಕೊಂಡರು. 1996ರಿಂದ ಎರಡು ವರ್ಷಕ್ಕೊಮ್ಮೆ ಚಿಕಿತೋಸ್‌ನ ಚರ್ಚುಗಳಲ್ಲಿ ಬರೋಕ್, ಅಂದರೆ ಜಿಪೋಲಿಯ ಕಾಲದ ಯೂರೋಪಿನ ಶೈಲಿಯ, ಸಂಗೀತೋತ್ಸವ ನಡೆಯುತ್ತಿದ್ದು, ಆ ಸೀಮೆಯ ಹುಡುಗ ಹುಡುಗಿಯರೇ ಅಲ್ಲಿ ಪಿಟೀಲು ಹಿಡಿದು ಕೂರುತ್ತಾರೆ. ಅವರ ಕುರಿತು ಕೇಳಿ. ಎಷ್ಟು ಹೊತ್ತು ಬೇಕಾದರೂ ಕುಳಿತು ಹೇಳುತ್ತೇನೆ.