ಅಡ್ವಾನ್ಸ್ ಕೊಡುವ ಮೊದಲು ಗುಂಡಿ ತೋಡಿ ನೀರು ಹೊಯ್ದು ನೋಡಿ

ನಂದಿ ಬೆಟ್ಟದ ರಸ್ತೆಯಲ್ಲೋ ಮಾಗಡಿ ಕಡೆಯೋ ಹೋಟೆಲ್ಲಿಗೆಂದು ಜಾಗ ನೋಡುವವರು ಮೊದಲು ವಿಚಾರಿಸುವುದು ಬೋರ್‌ವೆಲ್ಲಿನಲ್ಲಿ ಎಷ್ಟು ಇಂಚು ನೀರಿದೆ ಅಂತ. ಆ ನೀರು ಹೊರಗೆ ಹೋಗುವುದು ಎಲ್ಲಿಗೆ ಅಂತ ಕೇಳುವವರು ಕಡಿಮೆ. ಒಳಚರಂಡಿ ಇಲ್ಲದ ಕಡೆ ಸೆಪ್ಟಿಕ್ ಟ್ಯಾಂಕ್ ಎಷ್ಟು ದೊಡ್ಡದಾಗಿ ಕಟ್ಟಿದರೂ, ಒಳಗೆ ಹೋದಷ್ಟು ನೀರು ಹೊರಗೆ ಬಂದೇ ಬರುತ್ತದೆ. ಅದನ್ನು ಕುಡಿಯುವ ಮಣ್ಣು ನಿಮ್ಮ ಬೇಲಿಯೊಳಗೆ ಇರಬೇಕು.

ಹೋಟೆಲ್ಲಿಗೆ ಸೀಟಿಗೆ ದಿನಕ್ಕೆ 70 ಲೀಟರ್, ಆಫೀಸಿಗೆ ತಲೆಗೆ 45 ಲೀಟರ್ ಅಂತ ಹಿಡಿಯುವುದು ರೂಢಿ. 60 ಸೀಟಿಗೆ 4,200 ಲೀಟರ್ ಆಯಿತು. ಭಾನುವಾರ ಬೆಳಗ್ಗೆ ಬೆಟ್ಟ ಇಳಿದು ತಿಂಡಿಗೆ ಬರುವ ಜನ ಈ ಲೆಕ್ಕದಲ್ಲಿಲ್ಲ. ಒಂದೇ ಸೀಟಿನಲ್ಲಿ ಹತ್ತು ಜನ ಎದ್ದು ಹೋಗುವ ದಿನ ಯಾವುದೋ, ಅಳತೆ ಆ ದಿನಕ್ಕೇ ಇರಲಿ.

ಮೊದಲು ಜೆಸಿಬಿಯಿಂದ ಹತ್ತು ಅಡಿ ತೋಡಿಸಿ, ಗೋಡೆ ನೋಡಿ. ಕೆಂಪು ಮಣ್ಣಿನ ಕೆಳಗೆ ಗರಸು ಸಿಕ್ಕರೆ ಸಮಾಧಾನ. ಬೂದಿ ಬಣ್ಣದ ಕಲೆಗಳಿರುವ ಜೇಡಿ ಸಿಕ್ಕರೆ ಮಳೆಗಾಲದಲ್ಲಿ ನೀರು ಅಲ್ಲಿಯವರೆಗೂ ಏರುತ್ತದೆ ಎಂದರ್ಥ. ಕೆರೆ ಅಚ್ಚುಕಟ್ಟಿನ ಗದ್ದೆಗೆ ಮಣ್ಣು ತುಂಬಿಸಿ ಎತ್ತರಿಸಿದ ಸೈಟುಗಳಲ್ಲಿ ಇದು ಮಾಮೂಲು. ತುಂಬಿದ ಮಣ್ಣಿನಲ್ಲಿ ಮಾಡಿದ ಪರೀಕ್ಷೆಯನ್ನು ನಂಬಬೇಡಿ.

ಇಂಗುವ ಪರೀಕ್ಷೆಗೆ ಖರ್ಚೇನೂ ಇಲ್ಲ. ಟ್ರೆಂಚ್ ಅಂದರೆ ಟ್ಯಾಂಕಿನಿಂದ ಬಂದ ನೀರು ಮಣ್ಣಿಗೆ ಇಂಗಲು ತೋಡಿ ಜಲ್ಲಿ ತುಂಬುವ ಉದ್ದನೆಯ ಕಾಲುವೆ. ಅದು ಬರುವ ಆಳಕ್ಕೆ ಒಂದಡಿ ಅಗಲದ ಗುಂಡಿಗಳನ್ನು ಮೂರು ಕಡೆಯಾದರೂ ತೆಗೆಯಿರಿ. ಗುದ್ದಲಿ ಉಜ್ಜಿ ನುಣುಪಾದ ಗೋಡೆಯನ್ನು ಚಾಕುವಿನಿಂದ ಕೆರೆಯಿರಿ, ಇಲ್ಲದಿದ್ದರೆ ಒಳ್ಳೆ ಮಣ್ಣೂ ನೀರನ್ನು ಒಳಗೆ ಬಿಡುವುದಿಲ್ಲ. ತಳಕ್ಕೆ 5 ಸೆಂ.ಮೀ. ಸಣ್ಣ ಜಲ್ಲಿ ಹಾಕಿ, ಅದರ ಮೇಲೆ 30 ಸೆಂ.ಮೀ. ನೀರು ತುಂಬಿ ರಾತ್ರಿಯಿಡೀ ಬಿಡಿ. ಒಣ ಮಣ್ಣು ಮೊದಲ ಕೊಡ ನೀರನ್ನು ಗಟಗಟ ಕುಡಿದು ಮೋಸ ಮಾಡುತ್ತದೆ, ಮಾರ್ಚಿನಲ್ಲಂತೂ ಇನ್ನೂ ಹೆಚ್ಚು. ಮರುದಿನ ಜಲ್ಲಿಯ ಮೇಲೆ 15 ಸೆಂ.ಮೀ. ನೀರು ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಅಳೆಯಿರಿ. 30 ಮಿ.ಮೀ. ಇಳಿದಿದ್ದರೆ, 25 ಮಿ.ಮೀ. ಇಳಿಯಲು 25 ನಿಮಿಷ.

204ನ್ನು ಆ ನಿಮಿಷದ ವರ್ಗಮೂಲದಿಂದ ಭಾಗಿಸಿದರೆ ಒಂದು ಚದರ ಮೀಟರ್ ಮಣ್ಣು ದಿನಕ್ಕೆ ಎಷ್ಟು ಲೀಟರ್ ತಾಳುತ್ತದೆ ಎಂದು ಸಿಗುತ್ತದೆ. ಇಲ್ಲಿ ಸುಮಾರು 41. ಸೀಟಿನ ಲೆಕ್ಕದ 4,200 ಲೀಟರಿಗೇ ಹೆಚ್ಚುಕಡಿಮೆ 103 ಚದರ ಮೀಟರ್ ಟ್ರೆಂಚ್ ತಳ ಬೇಕು: 90 ಸೆಂ.ಮೀ. ಅಗಲ, 30 ಮೀಟರ್ ಉದ್ದದ ನಾಲ್ಕು ಟ್ರೆಂಚ್, ನಡುವೆ 2 ಮೀಟರ್ ಬಿಟ್ಟು. ಸುಮಾರು ಮೂರು ಗುಂಟೆ ಆಯಿತು. ಇದು ಮುಚ್ಚಿಹೋಗಿ ನೀರು ಇಂಗದಾದರೆ ಬದಲಿಗೆ ಇನ್ನು ಮೂರು ಗುಂಟೆ ಖಾಲಿ ಇಡಬೇಕು, ಅಲ್ಲಿ ಕಾರ್ ನಿಲ್ಲಿಸುವ ಹಾಗಿಲ್ಲ. 25 ಮಿ.ಮೀ. ಇಳಿಯಲು 30 ನಿಮಿಷ ದಾಟಿದರೆ ಇಂಗುಗುಂಡಿ ಬಿಟ್ಟು ಟ್ರೆಂಚ್ ಮಾತ್ರ. 60 ದಾಟಿದರೆ ಅದೂ ಬೇಡ, ಫಿಲ್ಟರ್ ಇರುವ ಬೇರೆ ವ್ಯವಸ್ಥೆಗೆ ದುಡ್ಡು ಹೊಂದಿಸಿ. ನಾಲ್ಕು ಸಿಮೆಂಟ್ ರಿಂಗ್ ಇಳಿಸಿ ಅದನ್ನೇ ಸೆಪ್ಟಿಕ್ ಟ್ಯಾಂಕ್ ಎನ್ನುವ ಮೇಸ್ತ್ರಿಯ ಮಾತಿಗೆ ತಲೆಯಾಡಿಸಬೇಡಿ.

ಟ್ರೆಂಚ್ ಬಾವಿ, ಬೋರ್‌ವೆಲ್ಲಿನಿಂದ 18 ಮೀಟರ್ ದೂರ ಇರಬೇಕು, ಪಕ್ಕದವರದ್ದನ್ನೂ ಸೇರಿಸಿ. ಬಂಡೆ ಮೇಲೆಯೇ ಇದ್ದರೆ ಈ 18ನ್ನೂ ನೆಚ್ಚಬೇಡಿ. ಬಿರುಕಿನಲ್ಲಿ ಇಳಿದ ನೀರು ಸೋಸದೆ ಓಡುತ್ತದೆ.

ಚೆನ್ನಾಗಿರುವ ಮಣ್ಣನ್ನೂ ಅಡುಗೆಮನೆ ಕೆಡಿಸುತ್ತದೆ. ಬಿಸಿ ನೀರಿನ ಜೊತೆ ಹೋದ ಎಣ್ಣೆ ತಣಿದು ಪೈಪಿನಲ್ಲಿ, ಆಮೇಲೆ ಜಲ್ಲಿಯಲ್ಲಿ ಗಟ್ಟಿಯಾಗುತ್ತದೆ. ಸಿಂಕಿನ ಲೈನಿಗೆ ಎಣ್ಣೆ-ಜಿಡ್ಡು ತಡೆಯುವ ಬೇರೆ ಗ್ರೀಸ್ ಟ್ರ್ಯಾಪ್ ಹಾಕಿ, ಅದನ್ನು ವಾರಕ್ಕೊಮ್ಮೆ ಬಳಿಯುವವರು ಯಾರೆಂದು ಮೊದಲೇ ಗೊತ್ತುಮಾಡಿ. ತಾರಸಿಯ ಮಳೆನೀರನ್ನು ಟ್ಯಾಂಕಿಗೆ ಬಿಟ್ಟರೆ ಒಂದೇ ಜೋರು ಮಳೆ ಒಳಗಿನ ಕೆಸರನ್ನೆಲ್ಲ ಟ್ರೆಂಚಿಗೆ ತಳ್ಳುತ್ತದೆ.

ಟ್ಯಾಂಕಿನ ಮುಚ್ಚಳ ಎಲ್ಲಿ ಬರಬೇಕು ಎಂದು ನಕ್ಷೆಯಲ್ಲೇ ಗುರುತಿಸಿ: ಕೆಸರು ಎಳೆಯುವ ಲಾರಿ ಮಳೆಗಾಲದಲ್ಲೂ ಹೂತುಕೊಳ್ಳದೆ ಹತ್ತಿರ ಬರಬೇಕು. ಸುರಕ್ಷಾ ಸಲಕರಣೆ ಕೊಡದೆ ಟ್ಯಾಂಕಿಗೆ ಆಳು ಇಳಿಸಿ ತೊಳೆಸುವುದು 2013ರ ಕಾನೂನಿನ ಪ್ರಕಾರ ಅಪರಾಧ, ಹಾಗಾಗಿ ಲಾರಿ ಬರದ ಮೂಲೆಯಲ್ಲಿ ಟ್ಯಾಂಕ್ ಕಟ್ಟಿದರೆ ಅದನ್ನು ಖಾಲಿ ಮಾಡಿಸಲು ಸುಲಭದ ದಾರಿಯೇ ಇರುವುದಿಲ್ಲ.